ಹಿಮದಲ್ಲಿ ಡಿಸ್ಕ್ ಗಾಲ್ಫ್: ಬಿದ್ದ ಡಿಸ್ಕ್ ಎಲ್ಲಿ ಹೋಗುತ್ತೆ, ಹುಡುಕೋದು ಹೇಗೆ?

ಹಿಮಹೆಜ್ಜೆ:
ಡಿಸ್ಕ್ ಗಾಲ್ಫ್ (ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕ್ ಎಸೆದು ಬುಟ್ಟಿಗೆ ಹಾಕೋ ಆಟ) ಆಡೋ ನಮ್ಮ ಕೋರ್ಸ್ ಮೇಲೆ ಸುಮಾರು 25 ಸೆಂ.ಮೀ. ಹೊಸ ಹಿಮ, ಹಿಟ್ಟಿನ ಹಾಗೆ ಪುಡಿಪುಡಿ. ಡಿಸ್ಕ್ ಬೀಳುತ್ತೆ, ಸ್ವಲ್ಪ ಹಿಮ ಚಿಮ್ಮುತ್ತೆ, ಅಷ್ಟೇ. ಟೀ (ಮೊದಲ ಎಸೆತದ ಜಾಗ) ಮೇಲೆ ನಿಂತ ನಾಲ್ಕೂ ಜನ ಒಂದೇ ಜಾಗ ತೋರಿಸಿದರೂ ಅಲ್ಲಿ ಕೆದಕಿದರೆ ಏನೂ ಇರಲ್ಲ. ಡಿಸ್ಕಿಗೆ ರಿಬ್ಬನ್ ಅಂಟಿಸಿದರೆ ಹಾರಾಟ ಕೆಡಲ್ವಾ? ಎಷ್ಟು ಉದ್ದ, ಯಾವ ಟೇಪ್? ಬ್ಲೂಟೂತ್ ಟ್ರ್ಯಾಕರ್ ಅಂಟಿಸೋದು ಇದಕ್ಕಿಂತ ವಾಸಿನಾ?

ಚೈನ್‌ಸದ್ದು:
ಪುಡಿ ಹಿಮಕ್ಕೆ ರಿಬ್ಬನ್ನೇ ಸರಿ. ಉಡುಗೊರೆ ಕಟ್ಟೋ 5 ಮಿ.ಮೀ. ಅಗಲದ ಪ್ಲಾಸ್ಟಿಕ್ ರಿಬ್ಬನ್ ಸಾಕು. ಒಂದು ಮೀಟರ್ ತುಂಡು ಒಂದು ಗ್ರಾಮೂ ತೂಗಲ್ಲ, ಹಾಗಾಗಿ 170 ಗ್ರಾಂ ಡಿಸ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ದೂರ ಒಂಚೂರು ಕಡಿಮೆಯಾಗುತ್ತೆ, ದಿಕ್ಕು ಕೆಡಲ್ಲ. ಬಟ್ಟೆಯ ರಿಬ್ಬನ್ ಮಾತ್ರ ಬೇಡ, ನೀರು ಕುಡಿದು ಹೆಪ್ಪುಗಟ್ಟಿ ಕಡ್ಡಿ ಆಗುತ್ತೆ.

ಉದ್ದ ಹಿಮದ ಆಳದ ಮೂರು-ನಾಲ್ಕು ಪಟ್ಟು ಇರಲಿ. ನಿಮ್ಮ 25 ಸೆಂ.ಮೀ.ಗೆ 80 ಸೆಂ.ಮೀ.ಯಿಂದ 1 ಮೀಟರ್. ಡಿಸ್ಕ್ ನೇರ ಕೆಳಗೆ ಇಳಿಯಲ್ಲ, ಓರೆಯಾಗಿ ಒಳಗೆ ನುಗ್ಗುತ್ತೆ. ಅದಕ್ಕೇ ಆಳದಷ್ಟೇ ಉದ್ದದ ರಿಬ್ಬನ್ ಕಟ್ಟಿದರೆ ಬಾಲವೂ ಡಿಸ್ಕಿನ ಜೊತೆ ಒಳಗೇ ಹೋಗಿಬಿಡುತ್ತೆ.

ಅಂಟಿಸೋದು ಹಿಂದಿನ ರಾತ್ರಿ, ಮನೆಯೊಳಗೆ. ಡಿಸ್ಕಿನ ತಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ರಿಬ್ಬನ್ ತುದಿಯನ್ನು ತಳದ ನಟ್ಟನಡುವೆ ಇಟ್ಟು 5 ಸೆಂ.ಮೀ. ಟೇಪ್ ಹಾಕಿ. ಆಮೇಲೆ ಟೇಪಿನಾಚೆ ಉಳಿದ ಚಿಕ್ಕ ತುದಿಯನ್ನು ಮೇಲಕ್ಕೆ ಮಡಚಿ, ಅಡ್ಡಕ್ಕೆ ಇನ್ನೊಂದು ಪಟ್ಟಿ ಹಾಕಿ. ಈ ಮಡಿಕೆ ಇಲ್ಲದಿದ್ದರೆ ಒಂದು ಪೊದೆಗೆ ಸಿಕ್ಕಿಕೊಂಡರೆ ಸಾಕು, ರಿಬ್ಬನ್ ಕಿತ್ತು ಬರುತ್ತೆ. ನಡುವಿನಿಂದ ಸ್ವಲ್ಪ ಸರಿದರೂ ಡಿಸ್ಕ್ ಓಲಾಡುತ್ತೆ. ಕೋರ್ಸ್‌ಗೆ ಹೋಗಿ ತಣ್ಣನೆ ಡಿಸ್ಕಿಗೆ ಅಂಟಿಸಿದ ಟೇಪ್ ಎರಡನೇ ಹೋಲ್‌ಗೇ ಉದುರಿಹೋಗುತ್ತೆ.

ಎಸೆಯುವಾಗ ರಿಬ್ಬನ್ ಬೆರಳ ಸಂದಿಯಲ್ಲಿ ಸಿಕ್ಕಬಾರದು. ಬೆರಳಿಗೆ ಸುತ್ತಿಕೊಂಡರೆ ಕೈ ಬಿಡುವ ಹೊತ್ತಿಗೆ ಎಳೆದು ಡಿಸ್ಕ್ ತಲೆಕೆಳಗಾಗುತ್ತೆ. ಸಡಿಲವಾಗಿ ಹಿಂದಕ್ಕೆ ಜೋತು ಬಿಡಿ.

ಒಂಟಿಪಟರ್:
ರಿಬ್ಬನ್ ಬಗ್ಗೆ ತಕರಾರಿಲ್ಲ. ಆದರೆ ನಾಲ್ಕು ಜನ ತೋರಿಸಿದ ಕಡೆ ಡಿಸ್ಕ್ ಸಿಗದೇ ಇರೋದಕ್ಕೆ ಕಾರಣ ಬೇರೆ. ನಾಲ್ವರೂ ಟೀ ಮೇಲೇ ನಿಂತಿದ್ದರೆ ಅದು ನಾಲ್ಕು ಸಾಕ್ಷಿ ಅಲ್ಲ, ಒಂದೇ. ಅಲ್ಲಿಂದ ದಿಕ್ಕು ಗೊತ್ತಾಗುತ್ತೆ, ದೂರ ಗೊತ್ತಾಗಲ್ಲ. ಬಿಳಿ ನೆಲದ ಮೇಲೆ ನೆರಳು, ಹುಲ್ಲು ಯಾವುದೂ ಕಾಣದೆ ಕಣ್ಣಿಗೆ ಅಳತೆಯೇ ತಪ್ಪುತ್ತೆ. ಒಬ್ಬರು ಮುಂದೆ ಹೋಗಿ ಬೀಳುವ ಜಾಗದ ಪಕ್ಕಕ್ಕೆ 15–20 ಮೀಟರ್ ದೂರದಲ್ಲಿ ಮರದ ಮರೆಯಲ್ಲಿ ನಿಲ್ಲಲಿ. ಎಸೆದವರು ಡಿಸ್ಕ್ ಮಾಯವಾದ ಜಾಗದ ಹಿಂದಿನ ಒಂದು ಮರ ಗುರುತು ಮಾಡಿಕೊಳ್ಳಲಿ, ಪಕ್ಕದವರು ತಮ್ಮ ಎದುರಿನ ಇನ್ನೊಂದನ್ನು. ಎರಡು ಗೆರೆ ಕೂಡುವ ಕಡೆ ಹುಡುಕಿ. ಆ ಗುರುತು ಕಣ್ಣಲ್ಲಿ ಇರುವಾಗ ಬ್ಯಾಗ್ ಎತ್ತಲು ಬಗ್ಗಬೇಡಿ. ಎಲ್ಲ ಕೆಡುವುದು ಅಲ್ಲೇ.

ಇನ್ನೊಂದು, ಚಳಿಯಲ್ಲಿ ಗಾಳಿ ದಟ್ಟ. 20 ಡಿಗ್ರಿಗೆ ಹೋಲಿಸಿದರೆ ಮೈನಸ್ 10ರಲ್ಲಿ ಸುಮಾರು 11 ಶೇಕಡ ಹೆಚ್ಚು. ಡಿಸ್ಕ್ ಬೇಗ ಎಡಕ್ಕೆ ವಾಲುತ್ತೆ (ಬಲಗೈ ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸೋ ಎಸೆತ ಅಂತಿಟ್ಟುಕೊಳ್ಳಿ), ಹತ್ತಿರಕ್ಕೇ ಬೀಳುತ್ತೆ. ಬೇಸಿಗೆಯ ಲೆಕ್ಕದಲ್ಲಿ ಹುಡುಕುವವರು ದಾಟಿಕೊಂಡು ಮುಂದೆ ಹೋಗಿರ್ತಾರೆ.

ಹುಡುಕಬೇಕಾದ್ದು ಮೊದಲು ಡಿಸ್ಕನ್ನಲ್ಲ, ಅದು ಒಳಹೊಕ್ಕ ಸೀಳನ್ನು. ಅಂಚೆ ಪೆಟ್ಟಿಗೆಯ ಬಾಯಿ ಥರ ಇರುತ್ತೆ, ಹೆಚ್ಚುಕಡಿಮೆ ಡಿಸ್ಕಿನಷ್ಟೇ, ಅಂದರೆ 20 ಸೆಂ.ಮೀ. ಅಗಲ. ಮರದಿಂದ ಉದುರಿದ ಹಿಮದ ಗಡ್ಡೆ ಮಾಡೋ ಗುಂಡಿ ದುಂಡಗಿರುತ್ತೆ, ಅದಕ್ಕೆ ಮೋಸ ಹೋಗಬೇಡಿ. ಸೀಳು ಸಿಗೋವರೆಗೆ ಯಾರೂ ಆ ಜಾಗ ತುಳಿಯಬಾರದು. ತುಳಿದರೆ ಗುರುತೂ ಹೋಗುತ್ತೆ, ಹಿಮವೂ ಗಟ್ಟಿಯಾಗುತ್ತೆ. ಅಡಿಯಲ್ಲಿ ಅಗ್ಗದ ಪ್ಲಾಸ್ಟಿಕ್ಕಿನ ಡಿಸ್ಕ್ ಇದ್ದರೆ ಚಳಿಗೆ ಪೆಡಸಾಗಿ ಬಿರುಕೂ ಬಿಡಬಹುದು. ಸೀಳು ಸಿಕ್ಕಿದ ಮೇಲೆ ಕೈಯನ್ನು ಅದೇ ಸುರಂಗದಲ್ಲಿ ತೂರಿಸಿ. ಕೊನೆಯಲ್ಲಿ ಡಿಸ್ಕ್ ಎಡಕ್ಕೆ ವಾಲಿಕೊಂಡೇ ಬಂದಿರುತ್ತೆ, ಹಿಮದೊಳಗೂ ಮುಂದಕ್ಕೆ, ಎಡಕ್ಕೆ ಜಾರಿರುತ್ತೆ. ಫೋರ್‌ಹ್ಯಾಂಡ್ (ಅಂಗೈ ಮುಂದೆ ಮಾಡಿ ಪಕ್ಕದಿಂದ ಬೀಸೋ ಎಸೆತ) ಆದರೆ ಬಲಕ್ಕೆ.

ಕೈಗೆ ಸಿಗದಿದ್ದರೆ ಒಣಗಿದ ಎಲೆ ಗುಡಿಸೋ ಕುಂಟೆ, ಲೋಹದ ಹಲ್ಲಿನದು. ಪ್ಲಾಸ್ಟಿಕ್ ಹಲ್ಲು ಚಳಿಗೆ ಮುರಿಯುತ್ತೆ. ದೂರದಿಂದ ನಿಮ್ಮ ಕಡೆಗೆ, ನೆಲ ಮುಟ್ಟುವಂತೆ ಎಳೆಯಿರಿ. ಕೋಲಿನಿಂದ ಚುಚ್ಚಿ ನೋಡುವುದಾದರೆ ಚುಚ್ಚಿನ ಅಂತರ 15 ಸೆಂ.ಮೀ. ದಾಟಬಾರದು, ಡಿಸ್ಕಿನ ಅಡ್ಡಳತೆಯೇ 21 ತಾನೆ. ಅಂಚಿನ ಮೇಲೆ ನೆಟ್ಟಗೆ ನಿಂತ ಡಿಸ್ಕ್ ಮೇಲಿನಿಂದ ಎರಡು ಸೆಂ.ಮೀ. ಪಟ್ಟಿ ಅಷ್ಟೇ, ಅದು ಕೋಲಿಗೆ ಸಿಗುವುದು ಅದೃಷ್ಟ. ಆದ್ದರಿಂದ ತಲೆ ಮೇಲಿಂದ ಎಸೆಯುವ ಟೊಮಹಾಕ್ ಥರದ ಎಸೆತ ಇಂಥ ದಿನ ಬೇಡ.

ನಿಯಮಪುಸ್ತಕ:
ಟ್ರ್ಯಾಕರ್ ವಿಷಯ. ಸುಮಾರು 10 ಗ್ರಾಂ ಬಿಲ್ಲೆ ನಡುವೆ ಅಂಟಿಸಿದರೆ ಹಾರಾಟ ಬದಲಾಗುತ್ತೆ. ಒದ್ದೆ ಹಿಮ ಬ್ಲೂಟೂತ್ ಸಂಕೇತ ನುಂಗುತ್ತೆ, ಬಿಲ್ಲೆಯ ಕೀಚಲು ಸದ್ದೂ ಹಿಮದಡಿ ಕೇಳಿಸಲ್ಲ, ಬಟನ್ ಸೆಲ್ ಚಳಿಗೆ ಸೊರಗುತ್ತೆ. ಫೋನಿನ ಜಿಪಿಎಸ್ ಗುರುತು ಬಯಲಲ್ಲೂ 3–5 ಮೀಟರ್ ಹೆಚ್ಚುಕಡಿಮೆ ತೋರಿಸುತ್ತೆ. ಇವತ್ತು ಹುಡುಕೋದಕ್ಕೆ ಅದು ಸಾಲದು, ಹಿಮ ಕರಗಿದ ಮೇಲೆ ಬಂದು ನೋಡೋದಕ್ಕೆ ಸಾಕು.

ಸ್ಪರ್ಧೆ ಆದರೆ: ಪಿಡಿಜಿಎ (ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ) ನಿಯಮದಲ್ಲಿ ಹುಡುಕಲು 3 ನಿಮಿಷ. ಸಿಗದಿದ್ದರೆ ಒಂದು ಎಸೆತದ ದಂಡ, ಹಿಂದಿನ ಜಾಗದಿಂದಲೇ ಮತ್ತೆ ಎಸೆತ. ತೂಕದ ಮಿತಿ ಅಡ್ಡಳತೆಯ ಪ್ರತಿ ಸೆಂ.ಮೀ.ಗೆ 8.3 ಗ್ರಾಂ, 21.2 ಸೆಂ.ಮೀ. ಡಿಸ್ಕಿಗೆ ಇದು ಸುಮಾರು 176 ಗ್ರಾಂ. 175 ಗ್ರಾಂ ಡಿಸ್ಕಿಗೆ ಬಿಲ್ಲೆ ಹಾಕಿದರೆ ಮಿತಿ ದಾಟಿದಂತೆ. ರಿಬ್ಬನ್ ಹಾಕುವುದಾದರೂ ಸ್ಪರ್ಧೆಯ ನಿರ್ದೇಶಕರನ್ನು ಮೊದಲೇ ಕೇಳಿ.

ಹಿಮಹೆಜ್ಜೆ:
ಎಲ್ಲರಿಗೂ ಧನ್ಯವಾದ. ನಾಲ್ಕು ಸಾಕ್ಷಿ ಅಲ್ಲ ಒಂದೇ ಅನ್ನೋದು ಸರಿಯಾಗಿ ನಾಟಿತು. ಇನ್ನೆರಡು: ಬಣ್ಣ ಯಾವುದು? ಮತ್ತೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಮೇಲ್ಪದರ ಗಟ್ಟಿಯಾಗಿದ್ದಾಗ ಏನು ಮಾಡೋದು?

ಚೈನ್‌ಸದ್ದು:
ಗುಲಾಬಿ, ಕಿತ್ತಳೆ, ಕಡುಗೆಂಪು, ಕಪ್ಪು. ಹಿಮದ ಮೇಲಿನ ನೆರಳು ನೀಲಿ ಛಾಯೆಯದು, ನೀಲಿ ಡಿಸ್ಕ್ ಅದರಲ್ಲೇ ಕರಗುತ್ತೆ. ಕತ್ತಲಲ್ಲಿ ಹೊಳೆಯುವ ಡಿಸ್ಕ್ ಹಗಲಲ್ಲಿ ಹೆಚ್ಚಾಗಿ ಮಾಸಲು ಬಿಳಿ, ಹಗಲು ಅದನ್ನು ತರಲೇಬೇಡಿ. ಗುಂಪಿನಲ್ಲಿ ಯಾರಿಗಾದರೂ ಕೆಂಪು-ಹಸಿರು ವ್ಯತ್ಯಾಸ ಕಾಣದಿದ್ದರೆ ಕಪ್ಪೇ ಸರಿ. ಡಿಸ್ಕಿನ ತಳದಲ್ಲಿ ಅಳಿಯದ ಮಾರ್ಕರಿನಲ್ಲಿ ಫೋನ್ ನಂಬರ್ ಬರೆದಿರಿ, ಟೇಪ್ ಅಂಟಿಸುವ ಜಾಗ ಬಿಟ್ಟು.

ಒಂಟಿಪಟರ್:
ಗಟ್ಟಿ ಪದರದ ಮೇಲೆ ಎರಡು ಥರ ಆಗುತ್ತೆ. ಚಪ್ಪಟೆಯಾಗಿ ಇಳಿದರೆ ಗಾಜಿನ ಮೇಲೆ ಜಾರಿದಂತೆ ಎಲ್ಲಿಗೋ ಹೋಗುತ್ತೆ, ಅದು ನಿಲ್ಲೋವರೆಗೆ ಕಣ್ಣು ತೆಗೆಯಬೇಡಿ. ಚೂಪು ಅಂಚಿನ ಡ್ರೈವರ್ (ದೂರಕ್ಕೆ ಎಸೆಯೋ ಡಿಸ್ಕ್) ಓರೆಯಾಗಿ ಇಳಿದರೆ ಪದರ ಸೀಳಿ ಅದರಡಿಯಲ್ಲೇ ಓಡುತ್ತೆ, ಒಳಹೊಕ್ಕ ಸೀಳು ಬಿಟ್ಟರೆ ಮೇಲೆ ಒಂದು ಗೆರೆಯೂ ಬೀಳಲ್ಲ. ಇದೇ ಅತಿ ಕೆಟ್ಟದ್ದು, ರಿಬ್ಬನ್ ಕೂಡ ಒಳಗೆ ಎಳೆದುಕೊಂಡು ಹೋಗುತ್ತೆ. ಆ ದಿನ ಡ್ರೈವರ್ ಬ್ಯಾಗಿನಲ್ಲೇ ಇರಲಿ; ಪಟರ್, ಮಿಡ್‌ರೇಂಜಿನ (ಹತ್ತಿರದ, ಮಧ್ಯಮ ದೂರದ ಎಸೆತದ ಡಿಸ್ಕ್) ಮೊಂಡು ಅಂಚು ಹಿಮವನ್ನು ತಳ್ಳಿ ಬೇಗ ನಿಲ್ಲುತ್ತೆ. ಸೀಳಿನಿಂದ ಮುಂದಕ್ಕೆ ಕೋಲಿನಿಂದ ತಟ್ಟುತ್ತಾ ಹೋಗಿ, ಪೊಳ್ಳು ಸದ್ದು ಬಂದ ಕಡೆ ಪದರವನ್ನು ಹಂಚು ತೆಗೆದಂತೆ ಎತ್ತಿ.

ಆಮೇಲೆ, ಸಿಕ್ಕ ಡಿಸ್ಕನ್ನು ಅಂಗಿಯೊಳಗೆ ಬೆಚ್ಚಗೆ ಇಡಬೇಡಿ. ಬೆಚ್ಚನೆ ಪ್ಲಾಸ್ಟಿಕ್ಕಿಗೆ ಹಿಮ ಕರಗಿ ಅಂಟಿ ಮಂಜುಗಡ್ಡೆಯ ಪದರ ಆಗುತ್ತೆ, ಹಿಡಿತ ತಪ್ಪುತ್ತೆ. ತಣ್ಣಗೇ ಇಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಒರೆಸೋ ಬಟ್ಟೆ ಎರಡಾದರೂ ಇರಲಿ, ಮೊದಲನೆಯದು ಅರ್ಧ ರೌಂಡಿಗೆ ರಟ್ಟಿನಂತಾಗುತ್ತೆ.