ಸಹಾಯ ಬೇಕು: ಅಮ್ಮನ ಆಪರೇಷನ್‌ಗೆ ಬೆನ್ನಿನ ಬ್ಲಾಕೋ, ಎದೆಯ ಬ್ಲಾಕೋ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61. ಬರೋ ಗುರುವಾರ ಎಡ ಸ್ತನ ತೆಗೀತಾರೆ, ಕಂಕುಳ ಗಂಟುಗಳನ್ನೂ. ಪೂರ್ತಿ ಮತ್ತು ಬರಿಸಿಯೇ ಮಾಡೋದು, ಆದ್ರೆ ಆಮೇಲಿನ ನೋವಿಗೆ ನರದ ಬ್ಲಾಕ್ (ಆ ಭಾಗದ ನರ ಮರಗಟ್ಟಿಸೋ ಇಂಜೆಕ್ಷನ್) ಕೊಡ್ತೀವಿ ಅಂದ್ರು ಅನಸ್ತೇಶಿಯಾ ಡಾಕ್ಟ್ರು. ರಿಪೋರ್ಟ್ ಕವರ್ ಹಿಂದೆ ಪೆನ್ನಲ್ಲಿ ಪಕ್ಕೆಲುಬು ಗೀಚಿ ತೋರಿಸಿದ್ರು. ಒಂದು ಪ್ಯಾರಾವರ್ಟೆಬ್ರಲ್, ಬೆನ್ನುಮೂಳೆ ಪಕ್ಕ ಸೂಜಿ. ನೋವಿಗೆ ಒಳ್ಳೇದು, ಆದ್ರೆ ಶ್ವಾಸಕೋಶದ ಪೊರೆ ಹತ್ತಿರದಲ್ಲೇ ಇರುತ್ತೆ. ಇನ್ನೊಂದು ಪೆಕ್ಸ್, ಎದೆಯ ಸ್ನಾಯುಗಳ ನಡುವೆ. ಎರಡೂ ಅಲ್ಟ್ರಾಸೌಂಡ್ ನೋಡ್ಕೊಂಡೇ.

ತೊಡಕು ಇಲ್ಲಿದೆ. ಹಾರ್ಟಲ್ಲಿ ಸ್ಟೆಂಟ್ ಇರೋದ್ರಿಂದ ಅಮ್ಮ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ) ತಗೋತಿದ್ರು. ಹಾರ್ಟ್ ಡಾಕ್ಟ್ರು 5 ದಿನ ನಿಲ್ಸಿ, ಆಸ್ಪಿರಿನ್ ಮುಂದುವರಿಸಿ ಅಂದ್ರು. ಬೆನ್ನಿನದಾದ್ರೆ 7 ದಿನ ಆಗಿರಬೇಕು ಅಂತಾರೆ ಅನಸ್ತೇಶಿಯಾದವರು. ಗುರುವಾರಕ್ಕೆ ಐದೇ ಆಗೋದು. ಅಮ್ಮ ಬೇರೆ "ನಿನ್ನ ಹೆರಿಗೇಲಿ ಬೆನ್ನಿಗೆ ಚುಚ್ಚಿಸ್ಕೊಂಡಿದ್ದೇ ಸಾಕು" ಅಂತ ಮುಖ ತಿರುಗಿಸ್ತಾರೆ.

ಪೆಕ್ಸ್ ಮಾಡಿಸ್ಕೊಂಡವರು, ಕೊಡೋ ಡಾಕ್ಟ್ರು ಯಾರಾದ್ರೂ ಇದ್ರೆ ಹೇಳಿ: ಕಂಕುಳಲ್ಲೂ ಕುಯ್ದಾಗ ಅದೊಂದೇ ಸಾಕಾಯ್ತಾ, ಮೊದಲ ರಾತ್ರಿ ನಿದ್ದೆ ಬಂತಾ? ಇಲ್ಲಾ ಆಪರೇಷನ್ 2 ದಿನ ಮುಂದಕ್ಕೆ ಹಾಕಿಸಿ ಬೆನ್ನಿನದೇ ಕೇಳೋದಾ?