ರೆಜೆಕ್ಸ್ ರೇಂಜ್ ಕೊಟ್ಟರೂ ಕೆಲವು ಪದ ಸಿಗುತ್ತಿಲ್ಲ, ಸಹಾಯ ಮಾಡಿ

ರಾಗಿಕಣಜ: ತಲೆ ಕೆಟ್ಟು ಹೋಗಿದೆ. ಕೃಷಿ ಪದಗಳ ದೊಡ್ಡ ಪಟ್ಟಿ ಇದೆ, ಸಾಲಿಗೊಂದು ಪದ. ವ್ಯಂಜನದಿಂದ ಶುರುವಾಗುವ ಸಾಲುಗಳನ್ನು ಮಾತ್ರ ಆರಿಸಬೇಕು. ರೆಜೆಕ್ಸ್‌ನಲ್ಲಿ (ಮಾದರಿ ಕೊಟ್ಟು ಪದ ಹುಡುಕುವ ವಿಧಾನ) ರೇಂಜ್, ಅಂದರೆ ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ಅಂತ, ಸರಿಯಾಗೇ ಕೊಟ್ಟಿದ್ದೇನೆ. ಕುಂಟೆ, ನೇಗಿಲು, ಮೇಟಿ ಸಿಗುತ್ತವೆ. ಹಗೇವು, ಸುಗ್ಗಿ, ಶೇಂಗಾ ಸಿಗುವುದೇ ಇಲ್ಲ. ಯಾಕೆ ಹೀಗೆ?

ಹಳೇಕೀಲಿಮಣೆ: ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲ್ ಇರಬೇಕು. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಯೂನಿಕೋಡ್‌ಗೆ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ಬದಲಿಸಿ.

ರಾಗಿಕಣಜ: ಯೂನಿಕೋಡೇ ಇದೆ. ಮೊಬೈಲಿನಲ್ಲೂ ಚೆನ್ನಾಗಿ ಕಾಣುತ್ತದೆ.

ಹಳೇಕೀಲಿಮಣೆ: ಕೆಲವು ಸಾಲು ಹಳೇ ಫೈಲಿಂದ ಬಂದಿರುತ್ತವೆ. ಕನ್ವರ್ಟರ್‌ಗೆ ಇನ್ನೊಮ್ಮೆ ಹಾಕಿ ನೋಡಿ.

ಬಿಳಿಜೋಳ: ಹಾಗಿದ್ದರೆ ಆ ಸಾಲುಗಳು ಮೊಬೈಲಿನಲ್ಲಿ ಕಸದ ಹಾಗೆ ಕಾಣಬೇಕಿತ್ತು. ಎಲ್ಲದಕ್ಕೂ ನುಡಿ ಮೇಲೆ ಗೂಬೆ ಕೂರಿಸಬೇಡಿ.

ಹಳೇಕೀಲಿಮಣೆ: ನಾನು ನುಡಿಯನ್ನು ಬೈದಿಲ್ಲ. ಈಗಿನ ನುಡಿ ಯೂನಿಕೋಡ್ ಬರೆಯುತ್ತದೆ, ಗೊತ್ತು. ಹೇಳಿದ್ದು ಹಳೆಯದರ ಬಗ್ಗೆ.



ಬಿಳಿಜೋಳ: ರಾಗಿಕಣಜ, ಯಾವ ಎಡಿಟರ್? ಪ್ಯಾಟರ್ನ್ ಇದ್ದ ಹಾಗೇ ಹಾಕಿ.

ರಾಗಿಕಣಜ: ವಿಎಸ್ ಕೋಡ್. ಪ್ಯಾಟರ್ನ್ ^[ಕ-ಳ] (^ ಅಂದರೆ ಸಾಲಿನ ಶುರು). ಕ ದಿಂದ ಳ ವರೆಗೆ ಎಲ್ಲ ವ್ಯಂಜನ ಬಂತು ಅಲ್ವಾ?

ಬಿಳಿಜೋಳ: ಸಿಕ್ಕಿತು! ಶಾಲೆಯ ವರ್ಣಮಾಲೆಯಲ್ಲಿ ಳ ಕೊನೆಗೆ. ರೆಜೆಕ್ಸ್ ನೋಡುವುದು ಯೂನಿಕೋಡ್ ಸಂಖ್ಯೆಯನ್ನು. ಅಲ್ಲಿ ಕ 3221, ಲ 3250, ಅದರ ಪಕ್ಕದಲ್ಲೇ ಳ 3251. ವ 3253, ಆಮೇಲೆ ಶ, ಷ, ಸ, ಕೊನೆಗೆ ಹ 3257. ಈ ಐದೂ ನಿಮ್ಮ ರೇಂಜಿನ ಆಚೆ ಇವೆ. ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ ಇರಲಿ ಅಂತ ಇಸ್ಕಿ (ಭಾರತೀಯ ಲಿಪಿಗಳ ಹಳೇ ಸಂಕೇತ ಪದ್ಧತಿ) ಕ್ರಮವನ್ನು ಯೂನಿಕೋಡ್ ತೆಗೆದುಕೊಂಡಿತು, ಹಾಗಾಗಿ ಳ ಅಲ್ಲಿ ಕೂತಿದೆ. ^[ಕ-ಹ] ಹಾಕಿ.

ರಾಗಿಕಣಜ: ಬಂತು! ಹಗೇವು, ಸುಗ್ಗಿ, ಎಲ್ಲಾ ಬಂದವು. ತುಂಬಾ ಥ್ಯಾಂಕ್ಸ್. ಆದರೆ ಪೂರ್ತಿ ಪದ ಹಿಡಿಯಲು [ಕ-ಹ]+ (+ ಅಂದರೆ ಒಂದರ ಹಿಂದೊಂದು ಬಂದಷ್ಟೂ) ಹಾಕಿದರೆ ಸುಗ್ಗಿಯಲ್ಲಿ ಬರೀ ಸ ಸಿಕ್ಕಿ ನಿಲ್ಲುತ್ತದೆ.

ಬಿಳಿಜೋಳ: ಕೊಂಬು, ಗುಡಿಸು, ಒತ್ತಿನ ಹಿಂದಿರುವ ವಿರಾಮ (ವ್ಯಂಜನವನ್ನು ಅರ್ಧಾಕ್ಷರ ಮಾಡುವ ಚಿಹ್ನೆ), ಎಲ್ಲಾ ಬೇರೆ ಬೇರೆ ಸಂಖ್ಯೆ, ಎಲ್ಲಾ ಹ ಆದಮೇಲೆ. ಅನುಸ್ವಾರ 3202, ಅದು ಅ ಗಿಂತಲೂ ಮುಂಚೆ. ಅದಕ್ಕೆ [ಂ-್]+ ಕೊಡಿ. ಬ್ರಾಕೆಟ್ ಒಳಗೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಸ್ವರ, ವ್ಯಂಜನ, ಮಾತ್ರೆ ಎಲ್ಲಾ ಹಿಡಿಯುತ್ತದೆ.

ವಿಮ್‌ಪ್ರಿಯ: ಹಳಗನ್ನಡದ ೞ ಇದರಲ್ಲಿ ಬರುವುದಿಲ್ಲ, ಅದು 3294. ಱ ಮಾತ್ರ 3249, ಒಳಗೇ ಇದೆ.

ಹಳೇಕೀಲಿಮಣೆ: ರಾಜ್‌ಕುಮಾರ್ ಥರದ ಪದಗಳಲ್ಲಿ ಜ್ ಆದಮೇಲೆ ಕಾಣದ ಅಕ್ಷರ ಒಂದಿರುತ್ತದೆ. ಅಲ್ಲಿ ಪದ ಮುರಿಯುವುದಿಲ್ಲವೇ?

ರಾಗಿಕಣಜ: ಹೌದು, ನನ್ನ ಪಟ್ಟಿಯಲ್ಲಿ ಟ್ರ್ಯಾಕ್ಟರ್‌ಗಾಡಿ ಹಾಗೇ ಎರಡು ತುಂಡಾಗುತ್ತಿದೆ. ಅದಕ್ಕೇನು ಸೇರಿಸಬೇಕು?