ಪದಚರ್ಚೆ: ‘ಸ್ಫೋಟ’ವಿಲ್ಲದ ಜ್ವಾಲಾಮುಖಿಗೆ ಯಾವ ಪದ?

ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹಾ ದ್ವೀಪದ ಜ್ವಾಲಾಮುಖಿಯನ್ನು ಕುರಿತು ಬರೆಯುವಾಗ ಎದುರಾದ ಎರಡು ಪದಗಳ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಇಡೀ ದ್ವೀಪವೇ 2,062 ಮೀಟರ್ ಎತ್ತರದ ಒಂದು ಜ್ವಾಲಾಮುಖಿ. ಜನರು ನೆಲೆಯಾಗಿ ಬಾಳುವ ಅತಿ ಹತ್ತಿರದ ನೆಲವಾದ ಸೇಂಟ್ ಹೆಲೆನಾ ಅಲ್ಲಿಂದ ಸುಮಾರು 2,400 ಕಿ.ಮೀ. ದೂರದಲ್ಲಿದೆ.

ಮೊದಲ ತೊಡಕು ‘ಇರಪ್ಷನ್’ ಎಂಬುದರದು. ಪತ್ರಿಕೆಗಳು ರೂಢಿಯಿಂದ ‘ಜ್ವಾಲಾಮುಖಿ ಸ್ಫೋಟ’ ಎಂದು ಬರೆಯುತ್ತವೆ. ಆದರೆ 1961ರ ಅಕ್ಟೋಬರ್‌ನಲ್ಲಿ ಇಲ್ಲಿ ನಡೆದದ್ದು ಬೇರೆಯೇ ಬಗೆಯದು. ದ್ವೀಪದ ಒಂದೇ ಊರಿನ ಮಗ್ಗುಲಲ್ಲಿ ನೆಲ ಬಿರುಕುಬಿಟ್ಟು ದಿಬ್ಬವಾಗಿ ಉಬ್ಬಿತು. ಜನರೆಲ್ಲ ಮೊದಲು ಪಕ್ಕದ ನೈಟಿಂಗೇಲ್ ದ್ವೀಪಕ್ಕೂ ಅಲ್ಲಿಂದ ಹಡಗಿನಲ್ಲಿ ಕೇಪ್‌ಟೌನಿಗೂ ಹೊರಟುಹೋದರು. ಆ ಬಿರುಕಿನಿಂದ ಒತ್ತರಿಸಿಕೊಂಡು ಬಂದ ಮಂದವಾದ ಲಾವಾ ಮೆಲ್ಲಗೆ ಸಮುದ್ರದವರೆಗೆ ಹರಿದು, ದೋಣಿ ಹತ್ತುವ ದಡವನ್ನೂ ಲಾಬ್‌ಸ್ಟರ್ ಸಂಸ್ಕರಣೆಯ ಕಾರ್ಖಾನೆಯನ್ನೂ ಮುಚ್ಚಿಹಾಕಿತು. ಮನೆಗಳು ಬಹುಪಾಲು ಹಾಗೆಯೇ ಉಳಿದಿದ್ದವು, 1963ರಲ್ಲಿ ಹೆಚ್ಚಿನವರು ಮರಳಿ ಬಂದರು. ಇದನ್ನು ‘ಸ್ಫೋಟ’ ಎಂದೊಡನೆ ಓದುಗನಿಗೆ ಬೆಟ್ಟದ ತುದಿ ಸಿಡಿದ ಚಿತ್ರ ಮೂಡುತ್ತದೆ, ಊರು ಉಳಿದದ್ದಾದರೂ ಹೇಗೆ ಎಂಬುದು ಅರ್ಥವಾಗುವುದಿಲ್ಲ.

ಹಿಂದಿಯಲ್ಲಿ ಬಳಕೆಯಲ್ಲಿರುವ ‘ಉದ್ಗಾರ’ವನ್ನು ತರೋಣವೆಂದರೆ ಕನ್ನಡದಲ್ಲಿ ಅದು ಅಚ್ಚರಿಯ ಮಾತಿಗೆ ಮೀಸಲಾಗಿಬಿಟ್ಟಿದೆ. ‘ಲಾವಾ ಕಾರಿತು’ ಎಂಬುದು ಚೆಲುವಾದ ಮಾತೇ, ಆದರೆ ಅದರಲ್ಲಿ ರಭಸವಾಗಿ ಹೊರಗೆಸೆಯುವ ಭಾವವಿದೆ. ‘ಉಕ್ಕು’ ಎಂಬ ಕ್ರಿಯಾಪದ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ: ಹಾಲು ಉಕ್ಕುವಂತೆ, ಒಳಗಿನ ಒತ್ತಡ ಅಂಚನ್ನು ಮೀರಿ ಹರಿಯಿತು ಎಂಬುದು ಅದರಲ್ಲೇ ಇದೆ. ‘1961ರಲ್ಲಿ ಜ್ವಾಲಾಮುಖಿ ಉಕ್ಕಿತು’ ಎಂಬ ವಾಕ್ಯ ತೊಡಕಿಲ್ಲದೆ ನಿಲ್ಲುತ್ತದೆ. ನಾಮಪದ ಬೇಕಾದಾಗ ಮಾತ್ರ ಕಷ್ಟ. ‘ಜ್ವಾಲಾಮುಖಿಯ ಉಕ್ಕು’ ಎಂದರೆ ಲೋಹದ ನೆನಪಾಗುತ್ತದೆ, ‘ಉಕ್ಕುವಿಕೆ’ ಶೀರ್ಷಿಕೆಗೆ ಒಗ್ಗುವುದಿಲ್ಲ. ಹಾಗಾಗಿ ‘ಸ್ಫೋಟ’ವನ್ನು ನಿಜವಾಗಿ ಸಿಡಿದ ಸಂದರ್ಭಗಳಿಗಷ್ಟೇ ಉಳಿಸಿಕೊಂಡು, ಉಳಿದೆಡೆ ‘ಲಾವಾಪ್ರವಾಹ’ ಎಂದು ಬಳಸಬಹುದೆಂದು ನನ್ನ ಅಭಿಮತ. ಆದರೆ ಎರಡನ್ನೂ ಒಳಗೊಳ್ಳುವ ಸಾಮಾನ್ಯ ಪದದ ಕೊರತೆ ಇದರಿಂದ ನೀಗುವುದಿಲ್ಲ.

ಎರಡನೆಯದು ‘ಸ್ವಾರ್ಮ್’, ಅಂದರೆ ಒಂದೇ ಕಡೆ ಮೇಲಿಂದ ಮೇಲೆ ಆಗುವ ಭೂಕಂಪನಗಳ ಗುಂಪು. 1961ರ ಆಗಸ್ಟ್‌ನಿಂದಲೇ ಊರಿನವರಿಗೆ ಮೇಲಿಂದ ಮೇಲೆ ನಡುಕ ತಿಳಿಯುತ್ತಿತ್ತು, ಕಡಿದಾದ ಬೆಟ್ಟದ ಮುಖದಿಂದ ಬಂಡೆಗಳು ಉರುಳುತ್ತಿದ್ದವು. 2004ರಲ್ಲಿಯೂ ಇಂಥದೇ ಕಂಪನಗಳು ಕಾಣಿಸಿಕೊಂಡವು. ಆಗ ಲಾವಾ ಹೊರಬಂದದ್ದು ಕಡಲಡಿಯಲ್ಲಿ, ನೀರಿನಲ್ಲಿ ತೇಲುವ ಹಗುರವಾದ ರಂಧ್ರಗಲ್ಲುಗಳು ದಡಕ್ಕೆ ಬಂದು ಬಿದ್ದವು. ಇವನ್ನು ‘ಪಶ್ಚಾತ್ ಕಂಪನ’ ಎನ್ನಲಾಗದು, ಏಕೆಂದರೆ ಆ ಮಾತು ಮೊದಲೊಂದು ಮುಖ್ಯ ಭೂಕಂಪ ನಡೆದಿದೆಯೆಂದು ಊಹಿಸಿಕೊಳ್ಳುತ್ತದೆ; ಇಲ್ಲಿಯಾದರೋ ಯಾವುದೊಂದೂ ಉಳಿದವಕ್ಕೆ ಹಿರಿಯದಲ್ಲ. ‘ಸರಣಿ ಭೂಕಂಪ’ ಎಂಬುದು ಪತ್ರಿಕೆಗಳಲ್ಲಿ ಎರಡಕ್ಕೂ ಸಲ್ಲುತ್ತಿರುವುದರಿಂದ ಈ ಭೇದ ಅಳಿಸಿಹೋಗುತ್ತದೆ. ‘ಕಂಪನಸಮೂಹ’ ಎಂದರೆ ಸಾಕೇ, ಅಥವಾ ಭೂವಿಜ್ಞಾನದ ಪಠ್ಯಗಳಲ್ಲಿ ಈಗಾಗಲೇ ನೆಲೆಗೊಂಡ ಬೇರೆ ಪದವಿದೆಯೇ? ಎರಡೂ ಪದಗಳ ಬಗ್ಗೆ, ಸಾಧ್ಯವಾದರೆ ಬಳಕೆಯ ವಾಕ್ಯಗಳ ಸಹಿತ, ತಿಳಿಸಬೇಕೆಂದು ಕೋರುತ್ತೇನೆ.